ಫೈಲಿನಲ್ಲಿ ಇಲ್ಲದ ಕಾಗದ

ನಮ್ಮ ಸಂಘದಲ್ಲಿ ವಿಮರ್ಶೆ ಎಂದ ಕೂಡಲೇ ಕವಿಗೋಷ್ಠಿ ನೆನಪಾಗುತ್ತದೆ. ಒಬ್ಬರ ಪದ್ಯ, ಇನ್ನೊಬ್ಬರ ಸಿಟ್ಟು, ಕೊನೆಗೆ ಎಲ್ಲರಿಗೂ ಚಹಾ! ಆದರೆ ಹಗಲು ನೌಕರಿ, ಸಂಜೆ ಕಾಲೇಜು ಎಂದು ಓಡಾಡುವ ನನಗೆ ವಿಮರ್ಶೆಯ ಬೆಲೆ ತಿಳಿದದ್ದು ಆಫೀಸಿನಲ್ಲಿ.

ಮುಂಬಯಿಯ ಒಂದು ಸಾರಿಗೆ ಕಚೇರಿಯಲ್ಲಿ ನಾನು ಗುಮಾಸ್ತ. ಕಳೆದ ಮಳೆಗಾಲದ ಒಂದು ತಿಂಗಳಲ್ಲಿ ಮಾಲು ಒಡೆದ ದೂರುಗಳು 9 ಬಂದವು. ಅವುಗಳಲ್ಲಿ 6 ಒಬ್ಬರದೇ ಲಾರಿಯವು. ನಾವೆಲ್ಲ 'ಕಾಕಾ' ಎಂದು ಕರೆಯುವ ಹಳೆಯ ಡ್ರೈವರು ಅವರು. ಸಾಹೇಬರು ದೂರಿನ ಫೈಲು ಮುಚ್ಚಿ, "ಕಾಕಾನ ಹಿಸಾಬು ಮಾಡಿ ಕಳಿಸಿಬಿಡು" ಅಂದರು. ಕಾಗದ ಬರೆಯಲು ಕೂತೆ. ಕೈ ಓಡಲಿಲ್ಲ. ಬರಿಯ ಕನಿಕರದಿಂದಲ್ಲ, ಆಗಷ್ಟೇ ಓದಿದ್ದ ಒಂದು ಸಂಗತಿ ತಲೆಯಲ್ಲಿ ಕೊರೆಯುತ್ತಿತ್ತು.

1986ರ ಜನವರಿ 28ರಂದು ಅಮೆರಿಕದ 'ಚಾಲೆಂಜರ್' ಗಗನನೌಕೆ ಹಾರಿದ 73 ಸೆಕೆಂಡುಗಳಲ್ಲೇ ಛಿದ್ರವಾಗಿ 7 ಜನ ಸತ್ತರು. ರಾಕೆಟ್ಟಿನ ಭಾಗಗಳು ಕೂಡುವ ಜಾಗದಲ್ಲಿದ್ದ ರಬ್ಬರಿನ ಬಳೆ ಚಳಿಗೆ ಬಿರುಸಾಗಿ, ಬಿಸಿ ಅನಿಲವನ್ನು ತಡೆಯಲಿಲ್ಲ. ಹಿಂದಿನ ರಾತ್ರಿಯೇ ರಾಕೆಟ್ಟು ಮಾಡಿದ ಕಂಪನಿಯ ಇಂಜಿನಿಯರುಗಳು ಈ ಚಳಿಯಲ್ಲಿ ಬೇಡ ಎಂದಿದ್ದರು. ಮೇಲಿನವರು ಕೇಳಲಿಲ್ಲ. ಬಳೆಗೆ ಹಾನಿಯಾದ ಹಳೆಯ ಹಾರಾಟಗಳನ್ನಷ್ಟೇ ಮುಂದಿಟ್ಟುಕೊಂಡು ನೋಡಿದರೆ, ಹಾನಿ ಚಳಿಯಲ್ಲೂ ಆಗಿತ್ತು, ಬೆಚ್ಚಗಿದ್ದಾಗಲೂ ಆಗಿತ್ತು. ಹಾಗಾದರೆ ಚಳಿಗೂ ಹಾನಿಗೂ ಸಂಬಂಧವಿಲ್ಲ ಅಂದುಕೊಂಡರು. ಏನೂ ಆಗದ ಹಾರಾಟಗಳನ್ನು ಯಾರೂ ಎಣಿಸಲಿಲ್ಲ. ಆಮೇಲೆ ತನಿಖಾ ಆಯೋಗ ಎಣಿಸಿತು: 65 ಡಿಗ್ರಿ ಫ್ಯಾರನ್‌ಹೀಟಿಗಿಂತ ತಣ್ಣಗಿದ್ದ 4 ಹಾರಾಟಗಳಲ್ಲಿ ನಾಲ್ಕಕ್ಕೂ ಹಾನಿ, ಅದಕ್ಕಿಂತ ಬೆಚ್ಚಗಿದ್ದ 20ರಲ್ಲಿ ಮೂರಕ್ಕೆ ಮಾತ್ರ. ಸತ್ಯವಿದ್ದದ್ದು ಫೈಲಿಗೆ ಬಾರದ ಕಾಗದಗಳಲ್ಲಿ!

ನನ್ನ ಮುಂದಿದ್ದ ಫೈಲಿನಲ್ಲೂ ದೂರುಗಳಷ್ಟೇ ಇದ್ದವು. ದೂರಿಲ್ಲದ ಟ್ರಿಪ್ಪುಗಳು ಎಲ್ಲಿ? ರಿಜಿಸ್ಟರು ತೆಗೆದೆ. ಆ ತಿಂಗಳು ಒಟ್ಟು 60 ಟ್ರಿಪ್ಪು. 40 ಕಾಕಾ ಒಬ್ಬರದೇ. ನಲವತ್ತರಲ್ಲಿ 6, ಉಳಿದವರ ಇಪ್ಪತ್ತರಲ್ಲಿ 3. ಎರಡೂ ನೂರಕ್ಕೆ 15!

ಹೇಳುವುದು ಹೇಗೆ? ನಾನು ಸೇರಿ ಇನ್ನೂ ಎಂಟು ತಿಂಗಳು. 'ನೀವು ತಪ್ಪು' ಅನ್ನುವ ಧೈರ್ಯ ಇರಲಿಲ್ಲ; ಅದರ ಅಗತ್ಯವೂ ಇರಲಿಲ್ಲ. ರಿಜಿಸ್ಟರು ಹಿಡಿದು, "ಸಾಹೇಬ್ರೆ, ಕಾಕಾ ಒಟ್ಟು ಎಷ್ಟು ಟ್ರಿಪ್ ಹೋಗಿದಾರೆ ಅಂತ ಒಮ್ಮೆ ನೋಡ್ತೀರಾ?" ಅಂದೆ. ಅವರು ನೋಡಿದರು, ಬೆರಳು ಮಡಚಿ ಎಣಿಸಿದರು. "ಆ ಕಾಗದ ಇರ್ಲಿ ಬಿಡು" ಅಂದರು. ಅಷ್ಟೆ. ಕಾಕಾ ಮರುದಿನವೂ ಲಾರಿ ತೆಗೆದುಕೊಂಡು ಹೋದರು. ಅವರಿಗೆ ಈ ಕತೆ ಇವತ್ತಿಗೂ ಗೊತ್ತಿಲ್ಲ.

ಕಾಕಾ ಜಾಗರೂಕರು ಎಂದು ನನ್ನ ಲೆಕ್ಕ ಸಾಧಿಸಲಿಲ್ಲ. ಅವರೊಬ್ಬರೇ ತಪ್ಪಿತಸ್ಥರು ಎನ್ನಲು ಆ ಫೈಲು ಸಾಲದು ಎಂದಷ್ಟೇ ತೋರಿಸಿತು. ಒಬ್ಬರ ಅನ್ನ ಉಳಿಯಲು ಅಷ್ಟು ಸಾಕಾಯಿತು. ಗೆಳೆಯರೇ, ನಾಳೆ ನೀವೂ ಯಾವುದೋ ಕುರ್ಚಿಯಲ್ಲಿ ಕೂರುವವರು. ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಫೈಲಿಗೆ ಬಾರದೆ ಉಳಿದದ್ದು ಏನು? ಆಮೇಲೆ, ಕೆಳಗಿನವನೊಬ್ಬ ಅದೇ ಪ್ರಶ್ನೆ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ದಯವಿಟ್ಟು ತಲೆಯೆತ್ತಿ ನೋಡಿ.