ಗೆದ್ದರಷ್ಟೇ ಆಟವೇ?

ಚೌಕಾಬಾರಕ್ಕೆ ಬೇಕಾದ್ದೇನು ಹೇಳಿ? ಸೀಮೇಸುಣ್ಣದಲ್ಲಿ ಬರೆದ 25 ಮನೆ, 4 ಕವಡೆ, ತಲಾ 4 ಕಾಯಿ. ಗಂಡ ತೀರಿಕೊಂಡ ಮೇಲೆ ಹೊರಗೇ ಬಾರದಿದ್ದ ನಮ್ಮ ಪಕ್ಕದ ಮನೆಯಾಕೆಯನ್ನು ಮಾತಿಗೆಳೆದದ್ದು ಈ ಆಟವೇ. ನಾಲ್ಕೂ ಕವಡೆ ಬೋರಲು ಬಿದ್ದು 8 ಬಂದಾಗ “ಬಾರ!” ಅಂತ ಕೂಗಿಯೇಬಿಟ್ಟರು. ಅಂದು ಗೆದ್ದವರಾರೋ ಮರೆತೇಹೋಗಿದೆ. ಆ ಕೂಗು ಮರೆತಿಲ್ಲ.

ನೀವೂ ಗೆಳತಿಯರನ್ನು ಕರೆಯಿರಿ. ಊರಿಗೊಂದು ನಿಯಮ ಇರುತ್ತೆ, ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುವವರೇ ಹೆಚ್ಚು. ಹೊಡೆಯಿರಿ, ಆದರೆ ಹೊಡೆದು ಹಂಗಿಸಬೇಡಿ. ನಡುವೆ ಹುರಿಗಡಲೆ, ಹರಟೆ ಇರಲಿ, ಅವಸರ ಬೇಡ.

ಹೊಡೆತ ತಿಂದ ಕಾಯಿ ಮತ್ತೆ ಮೊದಲ ಮನೆಯಿಂದ ಹೊರಟೀತು. ಮನಸ್ಸು ನೊಂದ ಗೆಳತಿ ಮತ್ತೆ ಬರುತ್ತಾಳೆಯೇ?