ಅತಿ ಸಣ್ಣ ಕಥೆಯೂ ಪದಗಳ ಲೆಕ್ಕವೂ

ಪದಗಳನ್ನು ಎಣಿಸಿ ಬರೆಯುವುದೆಂದರೆ ನಮ್ಮಲ್ಲಿ ವಯಸ್ಸಾದವರಿಗೆ ತಂತಿಯ ನೆನಪು ಬಾರದಿರದು. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿಯ ವ್ಯವಸ್ಥೆಯು ನಿಂತುಹೋಗುವವರೆಗೆ, ಗೊತ್ತಾದ ಸಂಖ್ಯೆಯನ್ನು ಮೀರಿದ ಒಂದೊಂದು ಪದಕ್ಕೂ ಕಾಸು ತೆರಬೇಕಾಗಿದ್ದುದರಿಂದ, ಮನೆಯ ಯಜಮಾನನು ತಂತಿಯ ಕಚೇರಿಯಲ್ಲಿ ನಿಂತು ತಾನು ಬರೆದುದನ್ನು ತಾನೇ ಹೊಡೆದುಹಾಕುತ್ತಿದ್ದನು. ‘ತಾಯಿಗೆ ಕಾಯಿಲೆ ಕೂಡಲೆ ಹೊರಡು’ ಎಂಬ ನಾಲ್ಕು ಪದಗಳನ್ನು ಓದಿದ ಮಗನು ಉಳಿದುದನ್ನೆಲ್ಲ ಊಹಿಸಿಕೊಳ್ಳುತ್ತಿದ್ದನು. ತಾಯಿಯು ಆಗಲೇ ತೀರಿಹೋಗಿರಬಹುದೆಂಬುದೂ ಅನೇಕ ವೇಳೆ ಆ ಊಹೆಯಲ್ಲಿ ಸೇರಿರುತ್ತಿತ್ತು. ಬರೆದವನಿಗೆ ಕಥೆ ಹೇಳುವ ಉದ್ದೇಶವಿರಲಿಲ್ಲ. ಆದರೂ ಈಚೆಗೆ ಲೋಕದಲ್ಲೆಲ್ಲ ಹಬ್ಬಿರುವ ಅತಿ ಸಣ್ಣ ಕಥೆಯ ಮರ್ಮವು ಆ ನಾಲ್ಕು ಪದಗಳಲ್ಲಿಯೇ ಅಡಗಿತ್ತೆಂದು ನಾವು ಭಾವಿಸುತ್ತೇವೆ.

ಇಂಥ ಕಥೆಗಳಿಗೆ ಪದಗಳ ಮಿತಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಕಥಾಪ್ರಿಯರು 1980ರ ದಶಕದಲ್ಲಿ ಸರಿಯಾಗಿ ನೂರು ಪದಗಳ ಕಥೆಯನ್ನು ಬಳಕೆಗೆ ತಂದು, ಅದಕ್ಕೆ ‘ಡ್ರಾಬಲ್’ ಎಂದು ಹೆಸರಿಟ್ಟರು. ತೊಂಬತ್ತೊಂಬತ್ತಾದರೂ ಸಲ್ಲದು, ನೂರೊಂದಾದರೂ ಸಲ್ಲದು. ಇದಕ್ಕಿಂತ ಪ್ರಸಿದ್ಧವಾದುದು ಆರು ಪದಗಳ ಇಂಗ್ಲಿಷ್ ಕಥೆ. ಒಮ್ಮೆಯೂ ತೊಡದ ಮಗುವಿನ ಪಾದರಕ್ಷೆಗಳು ಮಾರಾಟಕ್ಕಿವೆಯೆಂಬ ಪ್ರಕಟಣೆಯ ರೂಪದಲ್ಲಿರುವ ಇದನ್ನು ಅಮೆರಿಕದ ಹೆಮಿಂಗ್ವೇ ಅವರು ಪಂಥ ಕಟ್ಟಿ ಬರೆದರೆಂದು ಹೇಳುವುದುಂಟು. ಇದು ನಂಬತಕ್ಕ ಮಾತಲ್ಲ. ಅವರು ಗತಿಸಿದುದು 1961ರಲ್ಲಿ. ಕಥೆಯನ್ನು ಅವರಿಗೆ ಅಂಟಿಸಿದ ಬರೆಹವು ಅಚ್ಚಿನಲ್ಲಿ ಕಾಣಿಸಿಕೊಂಡುದು 1991ರಲ್ಲಿ. ಇದೇ ಬಗೆಯ ಪ್ರಕಟಣೆಗಳೂ ಅವನ್ನು ಕುರಿತ ಲೇಖನಗಳೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಲ್ಲಿಯ ಪತ್ರಿಕೆಗಳಲ್ಲಿ ಬಂದಿದ್ದವು. ದೊಡ್ಡವರ ಹೆಸರಿಲ್ಲದೆ ಸಣ್ಣ ವಸ್ತುವು ಮಾರಾಟವಾಗುವುದಿಲ್ಲವೆಂದು ತೋರುತ್ತದೆ!

ಆರು ಪದಗಳು ಇಷ್ಟು ದೊಡ್ಡ ದುಃಖವನ್ನು ಹೇಗೆ ಹೊರುತ್ತವೆ? ನಮ್ಮ ಶಾಸ್ತ್ರಕಾರರು ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಅವಶ್ಯವೆಂದು ಎಣಿಸಿದ್ದಾರೆ. ಇವುಗಳಲ್ಲಿ ಆಕಾಂಕ್ಷೆಯೆಂದರೆ ಒಂದು ಪದವು ಇನ್ನೊಂದನ್ನು ಬೇಡುವುದು. ‘ಹಸುವನ್ನು’ ಎಂದು ಹೇಳಿ ಸುಮ್ಮನಾದರೆ ಕೇಳುವವನ ಮನಸ್ಸು ‘ಏನು ಮಾಡಬೇಕು?’ ಎಂದು ಕಾಯುತ್ತದೆ. ‘ತಾ’ ಎಂದೊಡನೆ ಅದು ತೃಪ್ತವಾಗುತ್ತದೆ. ಅತಿ ಸಣ್ಣ ಕಥೆಯಲ್ಲಿ ವ್ಯಾಕರಣದ ಆಕಾಂಕ್ಷೆಯು ತೀರಿದರೂ ಮನಸ್ಸಿನ ಆಕಾಂಕ್ಷೆಯು ತೀರುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯೆಂದು ಕರೆದುದು ಈ ಎಡೆಯಲ್ಲಿಯೇ ಕೆಲಸ ಮಾಡುತ್ತದೆ. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ಹಳ್ಳಿಯು ನೀರಿನಲ್ಲಿ ತೇಲುತ್ತಿದೆಯೆಂದು ಯಾರೂ ತಿಳಿಯರು. ದಡವೆಂದು ತಿಳಿಯುತ್ತಾರೆ, ಅದರೊಡನೆ ಅಲ್ಲಿಯ ತಂಪನ್ನೂ ಪಾವನತೆಯನ್ನೂ ಮನಸ್ಸಿಗೆ ತಂದುಕೊಳ್ಳುತ್ತಾರೆ. ಆ ತಂಪಿಗೆ ಬೇರೆ ಪದವನ್ನು ವೆಚ್ಚಮಾಡಿಲ್ಲ.

ಈ ಕಲೆಯನ್ನು ಬರಿಯ ಚಮತ್ಕಾರವೆಂದು ಹಳಿಯುವವರು ಸಾದತ್ ಹಸನ್ ಮಂಟೋ ಅವರ ‘ಸಿಯಾಹ್ ಹಾಶಿಯೇ’ ಎಂಬ ಉರ್ದು ಪುಸ್ತಕವನ್ನು ನೋಡಬೇಕು. 1947ರ ದೇಶವಿಭಜನೆಯ ಕೊಲೆಸುಲಿಗೆಗಳನ್ನು ಕುರಿತು 1948ರಲ್ಲಿ ಅವರು ಪ್ರಕಟಿಸಿದ ಈ ಪುಸ್ತಕದಲ್ಲಿ ಕೆಲವು ಕಥೆಗಳು ಎರಡು ಮೂರು ಸಾಲುಗಳಿಗೇ ಮುಗಿಯುತ್ತವೆ. ಅಷ್ಟು ಸಣ್ಣದಲ್ಲದಿದ್ದರೂ ಒಂದು ಪುಟವನ್ನು ಮೀರದ ಒಂದು ಕಥೆಯ ಸಾರವು ಹೀಗಿದೆ. ಲೂಟಿಯ ಮಾಲಿಗಾಗಿ ಪೊಲೀಸರು ಮನೆಗಳನ್ನು ಶೋಧಿಸುತ್ತಿದ್ದಾರೆ. ಜನರು ಹೆದರಿ ಕದ್ದುದನ್ನೆಲ್ಲ ಕತ್ತಲೆಯಲ್ಲಿ ಹೊರಕ್ಕೆ ಎಸೆಯುತ್ತಿದ್ದಾರೆ. ಒಬ್ಬನ ಹತ್ತಿರ ಎರಡು ಮೂಟೆ ಸಕ್ಕರೆಯಿದೆ. ಒಂದನ್ನು ಬಾವಿಗೆ ಹಾಕುತ್ತಾನೆ, ಎರಡನೆಯದನ್ನು ಹಾಕುವಾಗ ತಾನೂ ಬೀಳುತ್ತಾನೆ. ಜನರು ಮೇಲಕ್ಕೆತ್ತಿದರೂ ಕೆಲವು ಗಂಟೆಗಳಲ್ಲಿ ಸಾಯುತ್ತಾನೆ. ಮರುದಿನ ಬಾವಿಯ ನೀರು ಸಿಹಿಯಾಗಿರುತ್ತದೆ. ಆ ರಾತ್ರಿ ಅವನ ಗೋರಿಯ ಮೇಲೆ ದೀಪಗಳು ಉರಿಯುತ್ತಿರುತ್ತವೆ. ಲೇಖಕನು ನಗುವುದೂ ಇಲ್ಲ, ಬೈಯುವುದೂ ಇಲ್ಲ. ಕಳ್ಳನು ಸಂತನಾದನೆಂಬ ಮಾತನ್ನು ಬರೆಯುವುದೂ ಇಲ್ಲ. ಅಂಥ ಕಾಲದಲ್ಲಿ ನೂರಾರು ಪುಟಗಳ ಆಕ್ರೋಶಕ್ಕಿಂತ ಈ ಮೌನವೇ ಹೆಚ್ಚು ಪ್ರಾಮಾಣಿಕವಾಗಿತ್ತೆಂದು ನಮಗೆ ತೋರುತ್ತದೆ.

ಕೊನೆಯ ಪದದಲ್ಲಿ ಏನನ್ನೋ ತಟ್ಟನೆ ಬಿಚ್ಚಿ ಬೆಚ್ಚಿಬೀಳಿಸುವ ಕಥೆಗಳು ಈಗ ಹೇರಳವಾಗಿವೆ. ಅವು ಒಗಟಿನ ಜಾತಿಯವು. ಬಿಡಿಸಿದ ಮೇಲೆ ಮತ್ತೆ ಯಾರಿಗೂ ಬೇಡ. ಸಕ್ಕರೆಯ ಕಥೆಯಾದರೋ ಕೊನೆಯು ತಿಳಿದ ಮೇಲೂ ಓದಿಸಿಕೊಳ್ಳುತ್ತದೆ.

ಇನ್ನು ಕನ್ನಡದಲ್ಲಿ ಪದಗಳನ್ನು ಎಣಿಸುವ ಬಗೆ. ಇಂಗ್ಲಿಷಿನ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ‘ಬರಲಿಲ್ಲವಂತೆ’ ಎಂಬ ನಮ್ಮ ಒಂದೇ ಪದದಲ್ಲಿ ಕ್ರಿಯೆಯಿದೆ, ನಿಷೇಧವಿದೆ, ಕಾಲವಿದೆ, ಬೇರೆಯವರಿಂದ ಕೇಳಿದ ಸುದ್ದಿಯೆಂಬುದೂ ಇದೆ. ಗ್ವಾಟೆಮಾಲಾದ ಆಗುಸ್ತೋ ಮೊಂತೆರೋಸೊ ಅವರು 1959ರಲ್ಲಿ ಪ್ರಕಟಿಸಿದ, ಡೈನೋಸಾರ್ ಎಂಬ ಪುರಾತನ ಮೃಗವನ್ನು ಕುರಿತ ಕಥೆಯು ಸ್ಪ್ಯಾನಿಷ್ ಭಾಷೆಯಲ್ಲಿ ಏಳೇ ಪದಗಳದು. ಕನ್ನಡದಲ್ಲಿ ಐದೇ ಸಾಕು. ನಿದ್ರೆ ತಿಳಿದವರು ಗಂಡಸೋ ಹೆಂಗಸೋ ಎಂಬುದನ್ನು ಮೂಲವು ಹೇಳುವುದಿಲ್ಲ. ನಮ್ಮಲ್ಲಿ ‘ಎದ್ದನು’, ‘ಎದ್ದಳು’ ಎಂದು ಬರೆದರೆ ಆ ಗುಟ್ಟು ರಟ್ಟಾಗುತ್ತದೆ. ‘ಎಚ್ಚರವಾದಾಗ’ ಎಂದರೆ ಉಳಿಯುತ್ತದೆ. ಭಾಷಾಂತರ ಮಾಡುವವರು ಗಮನಿಸತಕ್ಕ ಅಂಶವಿದು.

ಲೆಕ್ಕದಲ್ಲಿ ಮೋಸಕ್ಕೂ ಅವಕಾಶವುಂಟು. ಸಮಾಸಗಳನ್ನು ಹೆಣೆಯಬಲ್ಲವನು ಹತ್ತು ಪದಗಳನ್ನು ರೈಲುಬಂಡಿಯಂತೆ ಜೋಡಿಸಿ ಒಂದೆಂದು ತೋರಿಸಬಹುದು. ನಮ್ಮ ಮಟ್ಟಿಗೆ ನಿಘಂಟಿನಲ್ಲಿರುವ ಸಮಾಸವನ್ನು ಒಂದೆಂದೂ, ಲೇಖಕನು ತಾನಾಗಿ ಕಟ್ಟಿದುದನ್ನು ಬಿಡಿಬಿಡಿಯಾಗಿಯೂ ಎಣಿಸುವುದೇ ನ್ಯಾಯ.

ಆ ಪಾದರಕ್ಷೆಯ ಕಥೆಯನ್ನು ನಮ್ಮ ಸಂಸಾರಗಳಿಗೆ ಹೊಂದಿಸಲು ನೋಡೋಣ. ಹುಟ್ಟುವ ಮೊದಲೇ ಮಗುವಿಗೆ ಏನನ್ನೂ ಕೊಳ್ಳಬಾರದೆಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಬಳಸಿದ ಪಾದರಕ್ಷೆಯಾಗಲಿ ಬಳಸದುದಾಗಲಿ, ಮಾರುವ ಪ್ರಕಟಣೆಯಂತೂ ದೂರದ ಮಾತು. ಮನೆಯಿಂದ ಮನೆಗೆ ಹೋಗುವುದು ತೊಟ್ಟಿಲು. ಆದಕಾರಣ ಮೊದಲು ಇಪ್ಪತ್ತು ಪದಗಳಲ್ಲಿ ಹೀಗೆ ಬರೆಯಬಹುದು: ‘ರಾಯರ ಸೊಸೆಗೆ ಗಂಡುಮಗುವಾಯಿತು. ಪಕ್ಕದ ಮನೆಯಿಂದ ಅಂದವಾದ ಹಳೆಯ ತೊಟ್ಟಿಲನ್ನು ಎರವಲು ತಂದರು. ಮಗುವು ಎಂಟನೆಯ ದಿನ ತೀರಿಕೊಂಡಿತು. ಎಲ್ಲರೂ ಬಹಳ ದುಃಖಪಟ್ಟರು. ತೊಟ್ಟಿಲನ್ನು ಹಿಂದಕ್ಕೆ ಕೊಟ್ಟರು.’

‘ಅಂದವಾದ’, ‘ಹಳೆಯ’ ಎಂಬ ವಿಶೇಷಣಗಳು ಮೊದಲ ಏಟಿಗೇ ಹೋಗುತ್ತವೆ. ‘ಬಹಳ ದುಃಖಪಟ್ಟರು’ ಎಂಬುದು ಓದುವವನ ಪಾಲಿನ ಕೆಲಸವನ್ನು ನಾವೇ ಮಾಡಿದಂತೆ, ಅದನ್ನೂ ತೆಗೆಯಬೇಕು. ಸಾವಿನ ಮಾತನ್ನು ತೆಗೆಯಲು ಕೈ ಹಿಂಜರಿಯುತ್ತದೆ, ಆದರೆ ಕಥೆಯು ಕಥೆಯಾಗುವುದು ಅದು ಹೋದ ಮೇಲೆಯೇ. ಉಳಿಯುವುದಿಷ್ಟು: ‘ಎರವಲು ತಂದ ತೊಟ್ಟಿಲು ನಾಮಕರಣಕ್ಕೆ ಮೊದಲೇ ಹಿಂದಿರುಗಿತು.’

ಇಲ್ಲಿ ‘ಮೊದಲು’ ಎಂದಿದ್ದರೆ ಅದು ತಾರೀಖಿನ ಮಾತಾಗುತ್ತಿತ್ತು. ಅವಧಾರಣೆಯ ಏಕಾರವೊಂದು ಸೇರಿ ‘ಮೊದಲೇ’ ಎಂದಾದುದರಿಂದ ಪದದ ಸಂಖ್ಯೆಯು ಬೆಳೆಯದೆಯೇ ಸಂಕಟವು ಬಂದಿತು. ‘ಹಿಂದಕ್ಕೆ ಕೊಟ್ಟರು’ ಎಂದರೆ ಕೊಡುವವರ ಮುಖವು ಕಾಣುತ್ತದೆ. ‘ಹಿಂದಿರುಗಿತು’ ಎಂದರೆ ತೊಟ್ಟಿಲು ಮಾತ್ರ ಬೀದಿಯಲ್ಲಿ ಹೋಗುತ್ತದೆ, ಹೊತ್ತವನನ್ನು ನೋಡುವ ಧೈರ್ಯ ಯಾರಿಗೂ ಇಲ್ಲ. ‘ತಂದ’ ಎಂಬುದನ್ನು ಬಿಟ್ಟು ‘ಎರವಲ ತೊಟ್ಟಿಲು’ ಎಂದು ಐದಕ್ಕೆ ಇಳಿಸಬಹುದು. ‘ಎರವಲ’ ಎಂಬುದನ್ನೂ ತೆಗೆದರೆ ನಾಲ್ಕಾಗುತ್ತದೆ. ಆಗ ಮಾತ್ರ ತನ್ನ ಮನೆಯ ಬಾಗಿಲಲ್ಲಿ ನಿಂತು, ಏನನ್ನೂ ಕೇಳದೆ, ತೊಟ್ಟಿಲನ್ನು ಒಳಕ್ಕೆ ತೆಗೆದುಕೊಳ್ಳುವ ನೆರೆಮನೆಯಾಕೆ ಇಲ್ಲವಾಗುತ್ತಾಳೆ. ಅದನ್ನು ಉಳಿಸಿಕೊಂಡು ಐದಕ್ಕೇ ನಿಲ್ಲಿಸಿದ್ದೇವೆ.