ಅಳುಬುರುಕರ ತಂಡ

1940ರ ಜೂನ್ 14ರಂದು ಜರ್ಮನಿಯ ಸೇನೆ ಪ್ಯಾರಿಸ್ ನಗರವನ್ನು ಹೊಕ್ಕಿತು. ಅದಕ್ಕಿಂತ ದೊಡ್ಡ ಸುದ್ದಿ ಆ ದಿನ ಪ್ರಪಂಚದ ಯಾವ ಪತ್ರಿಕೆಗೂ ದೊರೆತಿರಲಾರದು. ಆದರೆ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದಲ್ಲಿ ಅಂದು ಬೆಳಗ್ಗೆ 'ಪ್ಲೇನ್ ಡೀಲರ್' ಪತ್ರಿಕೆಯನ್ನು ಬಿಡಿಸಿದವರಿಗೆ ಮೊದಲ ಪುಟದಲ್ಲಿಯೇ ಒಂದು ದಂಗೆಯ ವಾರ್ತೆಯೂ ಕಾದಿತ್ತು. ಊರಿನ ಬೇಸ್‌ಬಾಲ್ ತಂಡದ ಹತ್ತು ಹನ್ನೆರಡು ಮಂದಿ ಆಟಗಾರರು ತಂಡದ ಮಾಲೀಕನ ಕಚೇರಿಗೆ ಹೋಗಿ, 'ಈ ಮ್ಯಾನೇಜರನ ಕೈಕೆಳಗೆ ನಾವು ಆಡಲಾರೆವು, ಇವನನ್ನು ತೆಗೆಯಿರಿ' ಎಂದು ಕೇಳಿ ಬಂದಿದ್ದರು.

ಬೇಸ್‌ಬಾಲ್ ನಮ್ಮ ಆಟವಲ್ಲ. ಕ್ರಿಕೆಟ್ಟಿನ ದೂರದ ದಾಯಾದಿ ಎಂದು ತಿಳಿದುಕೊಂಡರೆ ಸದ್ಯಕ್ಕೆ ಸಾಕು. ಆದರೆ ಈ ಎರಡು ಆಟಗಳ ನಡುವೆ ಒಂದು ಮುಖ್ಯವಾದ ಭೇದವಿದೆ. ಅದನ್ನರಿಯದೆ ಈ ಪ್ರಸಂಗದ ಮರ್ಮ ತಿಳಿಯುವಂತಿಲ್ಲ. ಕ್ರಿಕೆಟ್ಟಿನಲ್ಲಿ ಮೈದಾನದೊಳಗಿನ ನಾಯಕನೇ ನಾಯಕ. ಯಾರಿಗೆ ಚೆಂಡು ಕೊಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಾನೂ ಬಿಸಿಲಿನಲ್ಲಿ ನಿಂತು ಬೆವರು ಸುರಿಸುತ್ತಿರುವವನು ನಿರ್ಧರಿಸುತ್ತಾನೆ. ಬೇಸ್‌ಬಾಲಿನಲ್ಲಿ ಈ ಅಧಿಕಾರವೆಲ್ಲ ಮ್ಯಾನೇಜರನದು. ಆತ ಸಾಮಾನ್ಯವಾಗಿ ಆಡುವ ವಯಸ್ಸು ಕಳೆದವನು. ಆದರೂ ಆಟಗಾರರಂತೆಯೇ ಸಮವಸ್ತ್ರ ತೊಟ್ಟು, ಮೈದಾನದ ಅಂಚಿನಲ್ಲಿ ತಗ್ಗಾಗಿ ಕಟ್ಟಿದ 'ಡಗ್‌ಔಟ್' ಎಂಬ ಚಾವಡಿಯಲ್ಲಿ ಅವರೊಡನೆಯೇ ಕುಳಿತಿರುತ್ತಾನೆ. ಟೋಪಿ ಮುಟ್ಟಿ, ಮೂಗು ಮುಟ್ಟಿ, ತೋಳು ಸವರಿ ಸಂಜ್ಞೆಗಳನ್ನು ಕಳಿಸುತ್ತಾನೆ. ಪಿಚರ್, ಎಂದರೆ ಚೆಂಡು ಎಸೆಯುವವನು, ಸೋತನೆಂದು ತೋರಿದರೆ ಎದ್ದು ಹೊರಡುತ್ತಾನೆ. ಹತ್ತಾರು ಸಾವಿರ ಜನ ನೋಡುತ್ತಿರುವಂತೆಯೇ ನಡುಮೈದಾನದ ದಿಬ್ಬದವರೆಗೆ ನಿಧಾನವಾಗಿ ನಡೆದುಹೋಗಿ, ಮಾತಿಲ್ಲದೆ ಕೈ ಚಾಚುತ್ತಾನೆ. ಪಿಚರ್ ಚೆಂಡನ್ನು ಆ ಕೈಯಲ್ಲಿಟ್ಟು ತಲೆತಗ್ಗಿಸಿ ಹೊರಬರಬೇಕು. ವಾದಿಸುವಂತಿಲ್ಲ. ಆ ಕಾಲದಲ್ಲಿ ಏಪ್ರಿಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 154 ಆಟಗಳನ್ನು ಆಡುತ್ತಿತ್ತು. ರೈಲಿನಲ್ಲಿ, ಹೋಟೆಲಿನಲ್ಲಿ, ಚಾವಡಿಯಲ್ಲಿ ಆರು ತಿಂಗಳು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕಳೆಯಬೇಕು. ಅವಿಭಕ್ತ ಕುಟುಂಬದ ಯಜಮಾನಿಕೆಯೂ ಇಷ್ಟು ಬಿಗಿಯಾದುದೇನಲ್ಲ.

ಕ್ಲೀವ್‌ಲೆಂಡ್ ತಂಡ 1920ರಿಂದೀಚೆಗೆ ತನ್ನ ಲೀಗಿನಲ್ಲಿ ಗೆದ್ದಿರಲಿಲ್ಲ. ಅಂದಿಗೆ ಅದರ ಹೆಸರು 'ಇಂಡಿಯನ್ಸ್'; 2022ರ ಋತುವಿನಿಂದ ಅದು 'ಗಾರ್ಡಿಯನ್ಸ್' ಆಗಿದೆ. ಮ್ಯಾನೇಜರುಗಳ ಮಸಣವೆಂದೇ ಆ ಊರಿಗೆ ಕುಖ್ಯಾತಿ ಬಂದಿತ್ತು. ಚೆಂಡೆಸೆತದಲ್ಲಿ ಸರಿಸಾಟಿಯಿಲ್ಲದವನೆನಿಸಿದ್ದ ವಾಲ್ಟರ್ ಜಾನ್ಸನ್ ಕೂಡ 1935ರಲ್ಲಿ ಅಲ್ಲಿಂದ ರಾಜೀನಾಮೆ ಕೊಟ್ಟು ಹೋಗಿದ್ದ. ಆಮೇಲೆ ಬಂದ ಸ್ಟೀವ್ ಓನೀಲ್ ತೀರ ಮೃದುವೆಂದು ಹೇಳಿ, ಮಾಲೀಕ ಆಲ್ವ ಬ್ರಾಡ್ಲಿ 1938ಕ್ಕೆ ಒಬ್ಬ ಬಿಗಿಕೈಯವನನ್ನು ಹುಡುಕಿ ತಂದ. ಅವನೇ ಆಸ್ಕರ್ ವಿಟ್.

ವಿಟ್ ಸಾಮಾನ್ಯನಲ್ಲ. ಹಿಂದೆ ಡೆಟ್ರಾಯಿಟ್, ಬಾಸ್ಟನ್ ತಂಡಗಳಲ್ಲಿ ಆಡಿದ್ದವನು. 1937ರಲ್ಲಿ ಅವನು ನಡೆಸಿದ ನ್ಯೂವಾರ್ಕ್ ತಂಡ, ಕೆಳಹಂತದ ಲೀಗಿನಲ್ಲಾದರೂ, ಎರಡನೆಯ ತಂಡಕ್ಕಿಂತ ಇಪ್ಪತ್ತೈದೂವರೆ ಆಟಗಳಷ್ಟು ಮುಂದಿದ್ದು ಗೆದ್ದಿತ್ತು. ಅಂಥ ಗೆಲುವು ಬೇಸ್‌ಬಾಲ್ ಚರಿತ್ರೆಯಲ್ಲಿ ಅಪರೂಪ. ಹೊಸ ಊರಿಗೆ ಬಂದ ಮೇಲೆಯೂ ಆ ನ್ಯೂವಾರ್ಕ್ ಅವನ ನಾಲಗೆಯನ್ನು ಬಿಡಲಿಲ್ಲ. ಎರಡನೆಯ ಮದುವೆಯಾದವನು ಮಾತುಮಾತಿಗೆ ಮೊದಲ ಹೆಂಡತಿಯ ಅಡುಗೆಯನ್ನು ಹೊಗಳುತ್ತಿದ್ದರೆ ಮನೆ ಹೇಗಿದ್ದೀತು? ಇಷ್ಟಾದರೂ 1938ರಲ್ಲಿಯೂ 1939ರಲ್ಲಿಯೂ ತಂಡ ಮೂರನೆಯ ಸ್ಥಾನದಲ್ಲಿ ನಿಂತಿತು. ಮ್ಯಾನೇಜರನಿಗೆ ಆಟ ತಿಳಿಯದು ಎಂದು ಯಾರೂ ಹೇಳುವಂತಿರಲಿಲ್ಲ.

1940ರ ಆರಂಭವಂತೂ ಅದ್ಭುತವಾಗಿತ್ತು. ಅಯೋವದ ಹೊಲಗಳ ನಡುವೆ ಬೆಳೆದ ಬಾಬ್ ಫೆಲ್ಲರ್ ಎಂಬ ಇಪ್ಪತ್ತೊಂದರ ತರುಣ ಏಪ್ರಿಲ್ 16ರಂದು ಷಿಕಾಗೊದಲ್ಲಿ ನಡೆದ ಋತುವಿನ ಮೊದಲ ಆಟದಲ್ಲಿಯೇ ಎದುರಾಳಿಗಳಿಗೆ ಒಂದು ಹಿಟ್ಟನ್ನೂ ಕೊಡದೆ 1-0ಯಿಂದ ಗೆಲ್ಲಿಸಿದ. ಅವನ ಜೊತೆಗೆ ಮೆಲ್ ಹಾರ್ಡರ್ ಎಂಬ ಹಿರಿಯ ಪಿಚರ್ ಇದ್ದ. 1928ರಿಂದ ಇದೊಂದೇ ತಂಡಕ್ಕೆ ತೋಳು ಸವೆಸಿದವನು. 1932ರಿಂದ 1939ರವರೆಗೆ ಯಾವ ವರ್ಷವೂ 15ಕ್ಕೆ ಕಡಿಮೆ ಆಟಗಳನ್ನು ಗೆದ್ದವನಲ್ಲ. ಮಿತಭಾಷಿ. ತಂಡದವರೆಲ್ಲ ಗೌರವದಿಂದ ಕಾಣುತ್ತಿದ್ದ ಮನುಷ್ಯ.

ಜೂನ್ ತಿಂಗಳಲ್ಲಿ ತಂಡ ಬಾಸ್ಟನ್ನಿಗೆ ಹೋಗಿತ್ತು. ಫೆಲ್ಲರ್ ಅಂದು ಪೆಟ್ಟು ತಿಂದ. ಚಾವಡಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ವಿಟ್, ಇಂಥವನನ್ನು ನೆಚ್ಚಿಕೊಂಡು ನಾನು ಗೆಲ್ಲಬೇಕಂತೆ ಎಂಬ ಅರ್ಥದ ಮಾತನ್ನು ಉಳಿದ ಆಟಗಾರರಿಗೆ ಕೇಳಿಸುವಂತೆ ಆಡಿದ. ಮರುದಿನ ಸೋತವನು ಹಾರ್ಡರ್. ತಿನ್ನುವ ಸಂಬಳವನ್ನು ಇನ್ನು ಯಾವಾಗ ದುಡಿಯುತ್ತೀಯೆ ಎಂದು ವಿಟ್ ಅವನನ್ನು ಮುಖಕ್ಕೇ ಕೇಳಿದ. ಹದಿಮೂರನೆಯ ವರ್ಷ ಅದೇ ತಂಡಕ್ಕೆ ಆಡುತ್ತಿದ್ದವನಿಗೆ!

ನನಗೆ ತೋರುವ ಮಟ್ಟಿಗೆ, ದಂಗೆಯೆದ್ದುದು ಈ ಬಿರುನುಡಿಗಳಿಗಾಗಿ ಅಲ್ಲ. ಕ್ರೀಡಾಂಗಣದಲ್ಲಿ ಬೈಗುಳ ಹೊಸದೇನೂ ಅಲ್ಲ. ಇದಕ್ಕಿಂತ ಹತ್ತು ಪಾಲು ಹೊಲಸು ಬಾಯಿಯ ಮ್ಯಾನೇಜರುಗಳಿಗಾಗಿ ಆಟಗಾರರು ಪ್ರಾಣವನ್ನೇ ಕೊಡುವಂತೆ ಆಡಿದ್ದಾರೆ. ಆಟಗಾರರ ದೂರಿನ ತಿರುಳು ಬೇರೆ. ವಿಟ್ ಎದುರಿಗೆ ಹೊಗಳಿ, ಬೆನ್ನು ತಿರುಗಿದೊಡನೆ ಇನ್ನೊಬ್ಬ ಆಟಗಾರನ ಬಳಿ ತೆಗಳುತ್ತಾನೆ. ಪತ್ರಕರ್ತರ ಬಳಿ, ಎದುರಾಳಿ ತಂಡದವರ ಬಳಿ ಕೂಡ ತನ್ನವರನ್ನು ಹಳಿಯುತ್ತಾನೆ ಎಂಬುದು. ಇದು ಗದರಿಕೆಗಿಂತ ಬಹಳ ಆಳಕ್ಕೆ ಇಳಿಯುವ ಗಾಯ. ಗದರಿಸುವವನು ಕೊನೆಗೆ ನಮ್ಮವನೇ. ಆದರೆ ಪಕ್ಕದವನ ವಿಷಯವಾಗಿ ನನ್ನ ಕಿವಿಯಲ್ಲಿ ಆಡುವವನು ನನ್ನ ವಿಷಯವಾಗಿ ಪಕ್ಕದವನ ಕಿವಿಯಲ್ಲಿ ಏನಾಡಿಯಾನು ಎಂಬ ಯೋಚನೆ ಒಮ್ಮೆ ಹೊಕ್ಕಿತೆಂದರೆ, ಆಮೇಲೆ ಅವನು ಆಡಿದ ಒಳ್ಳೆಯ ಮಾತೂ ಒಳ್ಳೆಯದಾಗಿ ಕೇಳಿಸುವುದಿಲ್ಲ. ಅವನ ಮೆಚ್ಚುಗೆ ಖೋಟಾ ನಾಣ್ಯವಾಗುತ್ತದೆ.

ಜೂನ್ 13ರಂದು ಕ್ಲೀವ್‌ಲೆಂಡಿಗೆ ಮರಳಿದವರೇ ನೇರವಾಗಿ ಬ್ರಾಡ್ಲಿಯ ಕಚೇರಿಗೆ ಹೋದರು. ಮಾತಾಡಿದವನು ಹಾರ್ಡರ್. ಹ್ಯಾಲ್ ಟ್ರಾಸ್ಕಿ ಎಂಬ ಬಲಿಷ್ಠ ದಾಂಡಿಗ ತಾಯಿ ತೀರಿಕೊಂಡದ್ದರಿಂದ ಅಯೋವಕ್ಕೆ ಹೊರಟಿದ್ದ. ತಾನು ಅಲ್ಲಿರದಿದ್ದರೂ ತನ್ನ ಮತವೂ ಅದೇ ಎಂದು ಟೆಲಿಫೋನಿನಲ್ಲಿ ತಿಳಿಸಿದ. ಲೂ ಬೌಡ್ರೊನಂಥ ಹೊಸ ಹುಡುಗರನ್ನು ಮಾತ್ರ ಹಿರಿಯರು ಕರೆದೊಯ್ಯಲಿಲ್ಲ. ನಮ್ಮ ತಲೆಯ ಮೇಲೆ ಬಂದರೆ ಬರಲಿ, ಈ ಎಳೆಯರ ಬಾಳು ಹಾಳಾಗಬಾರದು ಎಂಬ ಎಚ್ಚರಿಕೆ. ಅಳುಬುರುಕರೆನ್ನಿಸಿಕೊಂಡವರು ಮಾಡಿದ ಈ ಒಂದು ಕೆಲಸವನ್ನು ಯಾಕೋ ಯಾರೂ ಹೆಚ್ಚಾಗಿ ಎತ್ತಿ ಆಡುವುದಿಲ್ಲ. ಬ್ರಾಡ್ಲಿ ಎಲ್ಲವನ್ನೂ ಕೇಳಿ, ಇದು ಹೊರಗೆ ಹೋದರೆ ನೀವು ಬದುಕಿರುವಷ್ಟು ಕಾಲ ನಗೆಪಾಟಲಾಗುತ್ತೀರಿ ಎಂದು ಎಚ್ಚರಿಸಿದನಂತೆ. ಒಂದು ರಾತ್ರಿ ಕಳೆಯುವುದರೊಳಗೆ ಅದು ಹೊರಗೆ ಹೋಯಿತು.

ಬ್ರಾಡ್ಲಿಯ ಭವಿಷ್ಯ ಅಕ್ಷರಶಃ ನಿಜವಾಯಿತು. ಎರಡು ದಿನಗಳ ಮೇಲೆ 21 ಮಂದಿ ಆಟಗಾರರು, ವಿಟ್‌ನ ವಿಷಯವಾಗಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. 'ಕ್ಲೀವ್‌ಲೆಂಡಿನ ಅಳುಬುರುಕರು' ಎಂಬ ಹೆಸರು ದೇಶವೆಲ್ಲ ಹಬ್ಬಿತು. ಅವರು ಕಾಲಿಟ್ಟ ಊರುಗಳಲ್ಲಿ ಪ್ರೇಕ್ಷಕರು ಹಾಲುಬಾಟಲಿಗಳನ್ನು ಬೀಸಿದರು. ಕೂಸಿನ ಬಟ್ಟೆಗಳನ್ನು ಹಗ್ಗಕ್ಕೆ ನೇತುಹಾಕಿ ತೋರಿಸಿದರು. ಮಕ್ಕಳ ತಳ್ಳುಬಂಡಿಯನ್ನು ಕೂಡ ತಂದರು. ಕೂಲಿಗೆ ದುಡಿಯುವವನು ಸಂಬಳ ಸಾಲದೆಂದರೆ ಜನ ಅರ್ಥಮಾಡಿಕೊಳ್ಳುತ್ತಾರೆ. ಮರ್ಯಾದೆ ಸಾಲದೆಂದರೆ ನಗುತ್ತಾರೆ. ಅದರಲ್ಲಿಯೂ ಆರಡಿ ಎತ್ತರದ ಗಟ್ಟಿಮುಟ್ಟಾದ ಗಂಡಸರು ಹಾಗೆಂದರೆ ಕೇಳಬೇಕೆ?

ಬ್ರಾಡ್ಲಿ ಮಾಡಿದ್ದೇನು? ಏನೂ ಇಲ್ಲ. ವಿಟ್‌ನನ್ನು ತೆಗೆಯಲಿಲ್ಲ, ತೆಗೆದರೆ ಆಟಗಾರರ ಆಳ್ವಿಕೆಯಾಗುತ್ತದೆ ಎಂಬ ಭಯ ಯಾವ ಒಡೆಯನಿಗಾದರೂ ಸಹಜ. ಆದರೆ ಮುಂದೆ ಇದೇ ಬ್ರಾಡ್ಲಿ ವಿಚಾರಣೆ ಮಾಡಿ ನೋಡಿದ ಮೇಲೆ ಆಟಗಾರರ ದೂರುಗಳು ನೂರಕ್ಕೆ ನೂರು ಸತ್ಯವಾಗಿದ್ದುವು ಎಂದು ಒಪ್ಪಿಕೊಂಡ. ತಪ್ಪು ಯಾರದೆಂದು ತಿಳಿದೂ ಉಭಯ ಪಕ್ಷದವರನ್ನು ಒಂದೇ ಚಾವಡಿಯಲ್ಲಿ ಕೂಡಿಹಾಕಿ ನಾಲ್ಕು ತಿಂಗಳು ಆಡಿಸಿದುದು ವಿಟ್‌ನಿಗೂ ಮಾಡಿದ ಅನ್ಯಾಯವೇ. ತನ್ನನ್ನು ಬೇಡವೆಂದವರ ನಡುವೆ ನಿತ್ಯ ಸಮವಸ್ತ್ರ ತೊಟ್ಟು ಬಂದು ಕೂರುವವನ ಪಾಡನ್ನು ಊಹಿಸಿಕೊಳ್ಳಿ. ಅವನು ಟೋಪಿ ಮುಟ್ಟಿ ಸಂಜ್ಞೆ ಮಾಡುತ್ತಾನೆ. ಅದನ್ನು ನೋಡುವ ಕಣ್ಣುಗಳಲ್ಲಿ ಏನಿದೆಯೆಂದು ಅವನಿಗೆ ಗೊತ್ತು.

ಆಶ್ಚರ್ಯವೆಂದರೆ, ಇಂಥ ಒಡಕು ಮನೆಯ ತಂಡ ಸೋಲಲಿಲ್ಲ. ಬೇಸಿಗೆಯುದ್ದಕ್ಕೂ ಗೆಲ್ಲುತ್ತಲೇ ಇತ್ತು. ಆಗಸ್ಟಿನಲ್ಲಿ ಪಟ್ಟಿಯ ತುದಿಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಜಾರಿತು. ಕೊನೆಯ ಮೂರು ಆಟಗಳು ಕ್ಲೀವ್‌ಲೆಂಡಿನಲ್ಲಿಯೇ ಡೆಟ್ರಾಯಿಟ್ ತಂಡದೊಡನೆ ಉಳಿದಿದ್ದಾಗ ಡೆಟ್ರಾಯಿಟ್ ಎರಡು ಆಟಗಳಷ್ಟು ಮುಂದಿತ್ತು. ಮೂರನ್ನೂ ಗೆಲ್ಲಲೇಬೇಕು.

ಸೆಪ್ಟೆಂಬರ್ 27ರಂದು ನಲವತ್ತೈದು ಸಾವಿರ ಜನ ಸೇರಿದ್ದರು. ಫೆಲ್ಲರನೇ ಪಿಚರ್. ಅವನೆದುರು ತನ್ನ ದೊಡ್ಡ ಪಿಚರನನ್ನು ವ್ಯರ್ಥಮಾಡುವುದು ಬೇಡವೆಂದು ಡೆಟ್ರಾಯಿಟ್ ತಂಡ ಫ್ಲಾಯ್ಡ್ ಗೀಬೆಲ್ ಎಂಬ ಹೆಸರಿಲ್ಲದ ಹೊಸಬನನ್ನು ಬಲಿಯ ಕುರಿಯಂತೆ ಕಣಕ್ಕಿಳಿಸಿತು. ಡೆಟ್ರಾಯಿಟಿನಲ್ಲಿ ತಮ್ಮವರಿಗಾದ ಅವಮಾನಕ್ಕೆ ಪ್ರತೀಕಾರವೆಂಬಂತೆ ಊರಿನ ಪ್ರೇಕ್ಷಕರು ಹಣ್ಣು ತರಕಾರಿಗಳ ಮಳೆಗರೆದರು. ಅಂಪೈರ್ ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಮೇಲಂತಸ್ತಿನಿಂದ ಬಿದ್ದ ಕಾಯಿ ಟೊಮೇಟೊಗಳ ಬುಟ್ಟಿಯೊಂದು ಡೆಟ್ರಾಯಿಟಿನ ಬರ್ಡಿ ಟೆಬೆಟ್ಸನ ತಲೆಗೇ ಬಡಿದು ಆತ ಎಚ್ಚರ ತಪ್ಪಿದ. ಇಷ್ಟೆಲ್ಲದರ ನಡುವೆ ಫೆಲ್ಲರ್ ಕೊಟ್ಟುದು ಮೂರೇ ಹಿಟ್ಟುಗಳು. ಆದರೆ ಅವುಗಳಲ್ಲೊಂದು ರೂಡಿ ಯಾರ್ಕ್ ಬಾರಿಸಿದ ಹೋಮ್ ರನ್. ಎರಡು ರನ್ನುಗಳು ಬಂದುವು. ಗೀಬೆಲ್ ಒಂದು ರನ್ನನ್ನೂ ಕೊಡಲಿಲ್ಲ. 2-0. ಆ ಗೀಬೆಲ್ ಆಮೇಲೆ ದೊಡ್ಡ ಲೀಗಿನಲ್ಲಿ ಮತ್ತೊಂದು ಆಟವನ್ನು ಗೆಲ್ಲಲಿಲ್ಲ! ಉಳಿದೆರಡು ಆಟಗಳನ್ನು ಕ್ಲೀವ್‌ಲೆಂಡ್ ಗೆದ್ದಿತು. ಡೆಟ್ರಾಯಿಟಿಗೆ 90 ಗೆಲುವು; ಕ್ಲೀವ್‌ಲೆಂಡಿಗೆ 89.

ಒಂದು ಆಟ. ಮ್ಯಾನೇಜರನಲ್ಲಿ ವಿಶ್ವಾಸವಿದ್ದಿದ್ದರೆ ಆ ಒಂದು ಆಟ ದಕ್ಕುತ್ತಿತ್ತೆ ಎಂದು ಆ ಊರಿನವರು ಬಹುಕಾಲ ಕೇಳಿಕೊಂಡರು. ಉತ್ತರ ಹೇಳುವುದು ಸುಲಭವಲ್ಲ. ಋತು ಮುಗಿಯುತ್ತಲೇ ವಿಟ್‌ನನ್ನು ತೆಗೆದು ಹಾಕಿದರು. ದೊಡ್ಡ ಲೀಗಿನಲ್ಲಿ ಅವನಿಗೆ ಮತ್ತೆ ಆ ಕೆಲಸ ಸಿಗಲಿಲ್ಲ. ಅವನ ಜಾಗಕ್ಕೆ ರಾಜರ್ ಪೆಕಿನ್‌ಪಾ ಬಂದ. ಮರುವರ್ಷ ತಂಡ 75 ಆಟಗಳನ್ನು ಮಾತ್ರ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ವಿಟ್‌ನ ಪಕ್ಷಪಾತಿಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿರಲಿಲ್ಲ.

ನಮ್ಮಲ್ಲಿಯೂ ಇಂಥದೊಂದು ನಡೆದುದು ಓದುಗರಿಗೆ ನೆನಪಿರಬಹುದು. 2017ರ ಜೂನ್‌ನಲ್ಲಿ ನಮ್ಮ ಬೆಂಗಳೂರಿನವರೇ ಆದ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್ ಪದವಿಯನ್ನು ಬಿಟ್ಟರು. ತಮ್ಮ ಕಾರ್ಯಶೈಲಿಯ ವಿಷಯವಾಗಿ ನಾಯಕನಿಗೆ ಆಕ್ಷೇಪಗಳಿವೆಯೆಂದು ಮಂಡಳಿಯವರು ಹಿಂದಿನ ದಿನವಷ್ಟೇ ಮೊದಲ ಬಾರಿಗೆ ತಮಗೆ ತಿಳಿಸಿದರೆಂದು ಅವರು ಬಹಿರಂಗವಾಗಿ ಬರೆದರು. ಎರಡೂ ಪ್ರಸಂಗಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಸಾಹಸಕ್ಕೆ ನಾನು ಹೋಗೆನು. ಮನುಷ್ಯರು ಬೇರೆ, ಕಾಲ ಬೇರೆ. ಆದರೆ 'ಮೊದಲ ಬಾರಿಗೆ' ಎಂಬ ಆ ಮಾತು ಓದಿದಾಗ ಕ್ಲೀವ್‌ಲೆಂಡ್ ನೆನಪಿಗೆ ಬಂದುದು ನಿಜ. ಅಲ್ಲಿ ಮ್ಯಾನೇಜರನ ಮಾತು ಆಟಗಾರರಿಗೆ ಬಳಸುದಾರಿಯಲ್ಲಿ ಬಂದು ಮುಟ್ಟುತ್ತಿತ್ತು. ಇಲ್ಲಿ ತಂಡದೊಳಗಿನ ಮಾತು ಕೋಚನ್ನು ಮುಟ್ಟಿದ್ದು ಮಂಡಳಿಯ ಬಾಗಿಲು ಬಳಸಿ.

ದಂಗೆಯ ಮಚ್ಚೆ ಅತಿ ಹೆಚ್ಚಾಗಿ ಹತ್ತಿದ್ದು ಟ್ರಾಸ್ಕಿಗೆ. ಕಚೇರಿಯಲ್ಲಿಯೇ ಇರದಿದ್ದವನನ್ನು ಪುಂಡರ ಮುಖಂಡನೆಂದು ಜನ ನಂಬಿದರು. ತೀವ್ರವಾದ ಅರೆತಲೆನೋವಿನಿಂದ ನರಳುತ್ತಿದ್ದ ಆತ 1941ರ ನಂತರ ಕ್ಲೀವ್‌ಲೆಂಡಿಗೆ ಮತ್ತೆ ಆಡಲಿಲ್ಲ.

ಹಿರಿಯರು ಹೊರಗಿಟ್ಟು ಕಾಪಾಡಿದ ಆ ಹುಡುಗ ಬೌಡ್ರೊನನ್ನು ಬ್ರಾಡ್ಲಿ 1941ರ ನವೆಂಬರಿನಲ್ಲಿ ಮ್ಯಾನೇಜರನನ್ನಾಗಿ ಮಾಡಿದ. ಅವನಿಗಾಗ ಇಪ್ಪತ್ತನಾಲ್ಕು ವರ್ಷ. ತಾನೂ ಆಡುತ್ತ, ಆಡುವವರನ್ನೂ ನಡೆಸುತ್ತ ಏಳು ವರ್ಷ ಏಗಿ, 1948ರಲ್ಲಿ ಆತ ಲೀಗನ್ನೂ ಅದರ ಮೇಲಿನ 'ವರ್ಲ್ಡ್ ಸೀರೀಸ್' ಪಂದ್ಯವನ್ನೂ ಗೆದ್ದುಕೊಟ್ಟ. ಆ ತಂಡದಲ್ಲಿ ಫೆಲ್ಲರ್ ಇನ್ನೂ ಇದ್ದ. ಆಟದಿಂದ ನಿವೃತ್ತನಾಗಿದ್ದ ಮೆಲ್ ಹಾರ್ಡರ್ ಅದೇ ಚಾವಡಿಯಲ್ಲಿ, ಹೊಸ ಪಿಚರುಗಳಿಗೆ ಎಸೆತ ಕಲಿಸುವ ಕೋಚ್ ಆಗಿ ಕುಳಿತಿದ್ದ.